ಮೇಷ್ಟ್ರೂ ಶಿಷ್ಯರೂ ಒಂದೇ ಬೆಂಚಿನಲ್ಲಿ

ಅಮೆರಿಕದ ಸಣ್ಣ ಕಾಲೇಜುಗಳ ಮೇಷ್ಟ್ರುಗಳಿಗೂ ನಮ್ಮ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜಿನ ಮೇಷ್ಟ್ರುಗಳಿಗೂ ಒಂದು ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಪಾಠ, ಪ್ರಾಕ್ಟಿಕಲ್, ಪರೀಕ್ಷೆ, ಉತ್ತರಪತ್ರಿಕೆ ತಿದ್ದುವುದು ಎಂದು ವರ್ಷ ಮುಗಿದುಹೋಗುತ್ತದೆ. ಪಿಎಚ್‌ಡಿ ಕಾಲದಲ್ಲಿ ಹತ್ತಿದ ಸಂಶೋಧನೆಯ ರುಚಿ ನಿಧಾನಕ್ಕೆ ಮರೆಯುತ್ತದೆ. ಇಂಥವರಿಗೆಂದೇ ಅಲ್ಲಿನ ಇಂಧನ ಇಲಾಖೆ ‘ವಿಸಿಟಿಂಗ್ ಫ್ಯಾಕಲ್ಟಿ ಪ್ರೋಗ್ರಾಂ’ ಎಂಬ ಬೇಸಿಗೆ ಯೋಜನೆ ನಡೆಸುತ್ತದೆ. ಸಂಶೋಧನೆಗೆ ಹೆಚ್ಚು ಅವಕಾಶ ಸಿಗದ ಕಾಲೇಜುಗಳ ಅಧ್ಯಾಪಕರು ಹತ್ತು ವಾರ ಒಂದು ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿನ ವಿಜ್ಞಾನಿಯೊಬ್ಬರ ಜೊತೆ ಕೂತು ಕೆಲಸ ಮಾಡುತ್ತಾರೆ. ಏನು ಕೆಲಸ ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡು ಬರೆದಿರಬೇಕು. ಹೋಗುವಾಗ ತಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನೂ, ಇಬ್ಬರ ತನಕ, ಕರೆದೊಯ್ಯಬಹುದು.

ಯೋಜನೆಯ ಜೀವಾಳ ಈ ಕೊನೆಯ ಸಾಲಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬುದ್ಧಿವಂತ ವಿದ್ಯಾರ್ಥಿಯೊಬ್ಬನನ್ನು ದೊಡ್ಡ ಸಂಸ್ಥೆಗೆ ಕಳಿಸುವ ಯೋಜನೆಗಳು ಎಲ್ಲ ಕಡೆ ಇವೆ. ಆ ಹುಡುಗ ಹೋಗುತ್ತಾನೆ, ಕಲಿಯುತ್ತಾನೆ, ಮುಂದಕ್ಕೆ ಹೊರಟುಹೋಗುತ್ತಾನೆ. ಕಾಲೇಜು ಇದ್ದಂತೆಯೇ ಇರುತ್ತದೆ. ಶಿಷ್ಯರ ಜೊತೆ ಮೇಷ್ಟ್ರೂ ಹೋದರೆ ಮೇಷ್ಟ್ರು ವಾಪಸು ಬರುತ್ತಾರೆ. ಮುಂದಿನ ಇಪ್ಪತ್ತು ವರ್ಷ ಅದೇ ಕ್ಲಾಸಿಗೆ ಹೋಗುತ್ತಾರೆ.

ಈ ಯೋಜನೆಯಲ್ಲಿ ಪಾಲ್ಗೊಳ್ಳುವ ಪ್ರಯೋಗಾಲಯಗಳಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಒಂದು. 1931ರಲ್ಲಿ ಅರ್ನೆಸ್ಟ್ ಲಾರೆನ್ಸ್ ಶುರು ಮಾಡಿದ ಈ ಸಂಸ್ಥೆ ಈಗ ಬರ್ಕ್ಲಿ ವಿಶ್ವವಿದ್ಯಾಲಯದ ಮೇಲಿನ ಗುಡ್ಡದ ಮೇಲಿದೆ. ಅಲ್ಲಿ ನಡೆಯುವ ಹತ್ತಾರು ಬಗೆಯ ಕೆಲಸಗಳಲ್ಲಿ ಸಣ್ಣ ಕಾಲೇಜಿನ ಮೇಷ್ಟ್ರಿಗೆ ಮತ್ತು ಬಿಎಸ್ಸಿ ವಿದ್ಯಾರ್ಥಿಗೆ ಹೇಳಿ ಮಾಡಿಸಿದಂಥ ಒಂದು ಕೆಲಸವಿದೆ: ಪ್ರೋಟೀನ್ ಹರಳುಗಳ ಲೆಕ್ಕಾಚಾರ. ಕಂಪ್ಯೂಟೇಶನಲ್ ಕ್ರಿಸ್ಟಲೋಗ್ರಫಿ ಎಂದು ಅದಕ್ಕೆ ಹೆಸರು. ಹರಳಿನ ಮೇಲೆ ಎಕ್ಸ್-ರೇ ಬಿಟ್ಟಾಗ ಸಿಗುವ ಚುಕ್ಕೆಗಳಿಂದ, ಲೆಕ್ಕ ಹಾಕುತ್ತಾ ಹೋಗಿ, ಪ್ರೋಟೀನಿನ ಒಂದೊಂದು ಪರಮಾಣುವೂ ಎಲ್ಲಿ ಕೂತಿದೆ ಎಂದು ಹೇಳುವ ವಿದ್ಯೆ ಇದು.

ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೊಜೈಮ್ ಎಂಬ ಕಿಣ್ವವನ್ನು ತೆಗೆದುಕೊಳ್ಳಿ. 129 ಅಮೈನೊ ಆಮ್ಲಗಳು ಒಂದರ ಬೆನ್ನಿಗೊಂದು ಸೇರಿ ಆದ ಸರ ಅದು. ಸರ ಉದ್ದಕ್ಕೆ ಬಿದ್ದಿರುವುದಿಲ್ಲ, ಮಡಚಿ ಸುತ್ತಿಕೊಂಡಿರುತ್ತದೆ. ಹಾಗೆ ಸುತ್ತಿಕೊಂಡಾಗ ಒಂದು ಮಗ್ಗುಲಲ್ಲಿ ಒಂದು ಸೀಳು ಉಳಿಯುತ್ತದೆ. ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿರುವ ಸಕ್ಕರೆಯ ಸರಪಳಿ ಆ ಸೀಳಿನೊಳಗೆ ಬಂದು ಕೂತರೆ ಲೈಸೊಜೈಮ್ ಅದನ್ನು ಕತ್ತರಿಸಿ ಹಾಕುತ್ತದೆ. ಪ್ರೋಟೀನಿನ ಕೆಲಸವೆಲ್ಲ ಅದರ ಆಕಾರದಲ್ಲಿದೆ ಎಂಬುದು 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಲೈಸೊಜೈಮಿನ ರಚನೆ ಬಿಡಿಸಿದಾಗ ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ರಚನೆ ತಿಳಿದ ಮೊದಲ ಕಿಣ್ವ ಅದೇ.

ಆಕಾರ ನೋಡಲು ಸೂಕ್ಷ್ಮದರ್ಶಕ ಸಾಲದು. ಎರಡು ಇಂಗಾಲದ ಪರಮಾಣುಗಳ ನಡುವಿನ ಅಂತರ ಸುಮಾರು 1.54 ಆಂಗ್‌ಸ್ಟ್ರಾಂ, ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸಾವಿರಾರು ಆಂಗ್‌ಸ್ಟ್ರಾಂ. ಅಷ್ಟು ದೊಡ್ಡ ಅಲೆಗೆ ಇಷ್ಟು ಸಣ್ಣ ಸಂದು ಗೊತ್ತೇ ಆಗುವುದಿಲ್ಲ. ತಾಮ್ರದಿಂದ ಹೊಮ್ಮುವ ಎಕ್ಸ್-ರೇ ಅಲೆಯ ಉದ್ದವೂ ಸುಮಾರು 1.54 ಆಂಗ್‌ಸ್ಟ್ರಾಂ. ಅಳತೆಗೆ ತಕ್ಕ ಅಲೆ ಸಿಕ್ಕಿತು. ಆದರೆ ಒಂದೇ ಒಂದು ಅಣುವಿನಿಂದ ಚದುರುವ ಕಿರಣ ತೀರಾ ಕ್ಷೀಣ. ಅದಕ್ಕೇ ಹರಳು ಬೇಕು. ಹರಳಿನಲ್ಲಿ ಅಣುಗಳೆಲ್ಲ ಒಂದೇ ಭಂಗಿಯಲ್ಲಿ ಸಾಲಾಗಿ ನಿಂತಿರುತ್ತವೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಗಲದ ಲೈಸೊಜೈಮ್ ಹರಳಿನಲ್ಲಿ ಮೂವತ್ತು ಲಕ್ಷ ಕೋಟಿಗೂ ಹೆಚ್ಚು ಅಣುಗಳಿರುತ್ತವೆ. ಇಷ್ಟೂ ಅಣುಗಳು ಒಟ್ಟಿಗೆ ಚದುರಿಸಿದ ಕಿರಣಗಳು ಕೆಲವು ದಿಕ್ಕುಗಳಲ್ಲಿ ಒಂದಕ್ಕೊಂದು ಬಲ ಕೊಟ್ಟು ಚುಕ್ಕೆಗಳಾಗಿ ಬೀಳುತ್ತವೆ, ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಇಲ್ಲಿಂದ ಮುಂದೆ ಎಲ್ಲವೂ ಲೆಕ್ಕ. ಸೂಕ್ಷ್ಮದರ್ಶಕದಲ್ಲಿ ಚದುರಿದ ಬೆಳಕನ್ನು ಮತ್ತೆ ಕೂಡಿಸಿ ಚಿತ್ರ ಮಾಡುವುದು ಲೆನ್ಸು. ಪ್ರೋಟೀನಿನಿಂದ ಚದುರಿದ ಎಕ್ಸ್-ರೇಯನ್ನು ಹಾಗೆ ಕೂಡಿಸಿ ಪರಮಾಣುಗಳನ್ನು ತೋರಿಸಬಲ್ಲ ಲೆನ್ಸು ನಮ್ಮಲ್ಲಿಲ್ಲ. ಆ ಕೆಲಸವನ್ನು ಬಿಎಸ್ಸಿಯಲ್ಲಿ ಕಲಿಸುವ ಫೋರಿಯರ್ ಸರಣಿ ಮಾಡಬೇಕು. ತೊಡಕು ಏನೆಂದರೆ, ಅಲೆಗೆ ಎರಡು ಗುಣಗಳಿವೆ: ಅದು ಎಷ್ಟು ಎತ್ತರ ಏಳುತ್ತದೆ ಎಂಬುದು ಒಂದು, ಅದರ ಶಿಖರ ಎಲ್ಲಿ ಬೀಳುತ್ತದೆ ಎಂಬುದು ಇನ್ನೊಂದು. ಚುಕ್ಕೆಯ ಹೊಳಪಿನಿಂದ ಎತ್ತರ ಸಿಗುತ್ತದೆ. ಶಿಖರದ ಜಾಗ, ಅಂದರೆ ಫೇಸ್, ಅಳತೆಯಲ್ಲಿ ಕಳೆದುಹೋಗಿರುತ್ತದೆ. ಚಿತ್ರ ಮೂಡಲು ಎರಡೂ ಬೇಕು. ಹರಳು ವಿಜ್ಞಾನದ ನೂರು ವರ್ಷದ ಕಥೆಯಲ್ಲಿ ಅರ್ಧ ಈ ಕಳೆದುಹೋದ ಫೇಸ್ ಹುಡುಕಿದ ಕಥೆಯೇ.

ಡೊರೊತಿ ಹಾಜ್‌ಕಿನ್ ಇನ್ಸುಲಿನ್ ಹರಳಿನ ಚುಕ್ಕೆಗಳನ್ನು ಮೊದಲು ಕಂಡದ್ದು 1930ರ ದಶಕದ ನಡುವಿನಲ್ಲಿ. ರಚನೆ ಬಿಡಿಸಿದ್ದು 1969ರಲ್ಲಿ. ಮ್ಯಾಕ್ಸ್ ಪೆರುಟ್ಜ್ ಹಿಮೊಗ್ಲೋಬಿನ್ನಿಗೆ ಪಾದರಸದಂಥ ಭಾರದ ಪರಮಾಣು ಅಂಟಿಸಿ, ಚುಕ್ಕೆಗಳ ಹೊಳಪು ಎಷ್ಟು ಬದಲಾಯಿತು ಎಂದು ನೋಡಿ ಫೇಸ್ ಕಂಡುಹಿಡಿಯುವ ದಾರಿ ಮಾಡಿದರು. ಜಾನ್ ಕೆಂಡ್ರ್ಯೂ ಅದೇ ದಾರಿಯಲ್ಲಿ 1958ರಲ್ಲಿ ಮಯೊಗ್ಲೋಬಿನ್ನಿನ ರಚನೆ ಬಿಡಿಸಿದಾಗ ಲೆಕ್ಕ ಮಾಡಿಕೊಟ್ಟದ್ದು ಕೇಂಬ್ರಿಜ್‌ನ ಎಡ್ಸ್ಯಾಕ್ ಎಂಬ ಆ ಕಾಲದ ಕಂಪ್ಯೂಟರ್. ಪ್ರೋಟೀನ್ ಹರಳಿಗೂ ಕಂಪ್ಯೂಟರಿಗೂ ನಂಟು ಅಷ್ಟು ಹಳೆಯದು. 1962ರಲ್ಲಿ ಮೈಕೆಲ್ ರಾಸ್‌ಮನ್ ಮತ್ತು ಡೇವಿಡ್ ಬ್ಲೋ ಇನ್ನೊಂದು ದಾರಿ ತೋರಿಸಿದರು: ಗೊತ್ತಿರುವ ರಚನೆಯೊಂದನ್ನು ತಂದು, ಗೊತ್ತಿಲ್ಲದ ಹರಳಿನೊಳಗೆ ತಿರುಗಿಸಿ, ಸರಿಸಿ, ಚುಕ್ಕೆಗಳಿಗೆ ಹೊಂದುವ ಜಾಗದಲ್ಲಿ ಕೂರಿಸಿ, ಅದರ ಫೇಸನ್ನೇ ಆರಂಭಕ್ಕೆ ಬಳಸುವುದು. ಇವತ್ತು ಬಹುಪಾಲು ರಚನೆಗಳು ಬಿಡಿಸಿಕೊಳ್ಳುವುದು ಹೀಗೆಯೇ.

ಈ ಲೆಕ್ಕಗಳನ್ನೆಲ್ಲ ಮಾಡುವ ‘ಫೀನಿಕ್ಸ್’ ಎಂಬ ತಂತ್ರಾಂಶ ಬರ್ಕ್ಲಿಯ ಗುಂಪು ಕೇಂಬ್ರಿಜ್, ಡ್ಯೂಕ್, ಲಾಸ್ ಅಲಮಾಸ್ ಗುಂಪುಗಳ ಜೊತೆ ಸೇರಿ ಕಟ್ಟಿದ್ದು. ಅದರ ಬುಡದಲ್ಲಿರುವ ‘ಸಿಸಿಟಿಬಿಎಕ್ಸ್’ ಎಂಬ ಕೋಡಿನ ಭಂಡಾರ ಯಾರು ಬೇಕಾದರೂ ತೆರೆದು ಓದಬಹುದಾದದ್ದು. ಪೈಥಾನ್ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಬೇಸಿಗೆಗೆ ಬರುವ ತಂಡಕ್ಕೆ ಇಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿದೆ. ಪ್ರೋಟೀನ್ ಎಂದರೆ ಜೀವಶಾಸ್ತ್ರದವರ ಪಾಲು ಎಂದುಕೊಂಡು ದೂರ ಉಳಿಯುವ ಗಣಿತದ ಮೇಷ್ಟ್ರಿಗೂ ಇದೆ. ಹರಳಿನೊಳಗೆ ಅಣುಗಳು ಜೋಡಿಕೊಳ್ಳಬಹುದಾದ ಸಮಮಿತಿಯ ಬಗೆಗಳು ಒಟ್ಟು 230. ಪ್ರೋಟೀನಿನ ಅಮೈನೊ ಆಮ್ಲಗಳು ಒಂದೇ ‘ಕೈ’ಯವು, ಕನ್ನಡಿಯ ಪ್ರತಿಬಿಂಬ ಅಲ್ಲಿ ಇರಲು ಸಾಧ್ಯವಿಲ್ಲ, ಹಾಗಾಗಿ ಕನ್ನಡಿ ಬೇಡುವ ಬಗೆಗಳೆಲ್ಲ ಬಿದ್ದುಹೋಗಿ 65 ಮಾತ್ರ ಉಳಿಯುತ್ತವೆ. ಗ್ರೂಪ್ ಥಿಯರಿ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ?

ವಿದ್ಯಾರ್ಥಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪರದೆಯ ಮೇಲೆ ‘ಕೂಟ್’ ಎಂಬ ಉಚಿತ ತಂತ್ರಾಂಶ ತೆರೆದಿದೆ. ಕಪ್ಪು ಹಿನ್ನೆಲೆಯಲ್ಲಿ ನೀಲಿ ಬಲೆ ಕಾಣುತ್ತದೆ. ಎಲೆಕ್ಟ್ರಾನುಗಳು ದಟ್ಟವಾಗಿರುವ ಜಾಗ ಅದು. ಬಲೆಯೊಳಗೆ ಕಡ್ಡಿಗಳಂತೆ ಅಮೈನೊ ಆಮ್ಲಗಳು ಕೂತಿವೆ. ಅಲ್ಲಲ್ಲಿ ಹಸಿರು ಗಂಟು, ಅಲ್ಲಲ್ಲಿ ಕೆಂಪು ಗಂಟು. ಹಸಿರು ಎಂದರೆ ಇಲ್ಲಿ ಏನೋ ಇದೆ, ನೀನು ಇಟ್ಟಿಲ್ಲ ಎಂದರ್ಥ. ಕೆಂಪು ಎಂದರೆ ನೀನು ಏನೋ ಇಟ್ಟಿದ್ದೀಯೆ, ಇಲ್ಲಿ ಅದು ಇಲ್ಲ ಎಂದರ್ಥ. ಒಂದು ಕಡ್ಡಿಯ ಮೇಲೆ ಕೆಂಪು, ಅದರ ಪಕ್ಕದಲ್ಲೇ ಹಸಿರು ಕಂಡರೆ ಆ ಕಡ್ಡಿ ತಪ್ಪು ದಿಕ್ಕಿಗೆ ತಿರುಗಿದೆ. ತಿರುಗಿಸಿ ಕೂರಿಸಿ ಮತ್ತೆ ಲೆಕ್ಕ ಓಡಿಸಿದರೆ ಎರಡೂ ಮಾಯ. ಒಂಟಿಯಾಗಿ ತೇಲುವ ಸಣ್ಣ ಹಸಿರು ಉಂಡೆ ನೀರಿನ ಅಣುವಿರಬಹುದು. ಆದರೆ ಅದರ ಸುತ್ತ ಹೈಡ್ರೋಜನ್ ಬಂಧಕ್ಕೆ ಸಿಗುವ ದೂರದಲ್ಲಿ ಆಮ್ಲಜನಕವೋ ಸಾರಜನಕವೋ ಇಲ್ಲದಿದ್ದರೆ ಅದು ಬರೀ ಗದ್ದಲ. ಹೀಗೆ ನೂರಾರು ಸಣ್ಣ ತೀರ್ಮಾನಗಳು. ಪ್ರತಿಯೊಂದಕ್ಕೂ ಕಾರಣ ಹೇಳಬೇಕು. ಪಿಯುಸಿಯಲ್ಲಿ ಓದಿದ ರಸಾಯನಶಾಸ್ತ್ರ ಮೊದಲ ಸಲ ಬೆರಳ ತುದಿಯಲ್ಲಿ ಕೆಲಸಕ್ಕೆ ಬರುವುದು ಇಲ್ಲಿ.

ನಾವು ಕಟ್ಟಿದ್ದು ಸರಿಯೇ ಎಂದು ತಿಳಿಯುವುದು ಹೇಗೆ? ಕಂಪ್ಯೂಟರಿಗೆ ಬಿಟ್ಟರೆ ಅದು ಎಷ್ಟು ಬೇಕಾದರೂ ಎಳೆದಾಡಿ ಲೆಕ್ಕ ಹೊಂದಿಸಿಬಿಡುತ್ತದೆ. 1992ರಲ್ಲಿ ಆಕ್ಸೆಲ್ ಬ್ರುಂಗರ್ ಇದಕ್ಕೊಂದು ಉಪಾಯ ಸೂಚಿಸಿದರು. ಚುಕ್ಕೆಗಳಲ್ಲಿ ನೂರಕ್ಕೆ ಐದೋ ಹತ್ತೋ ಮೊದಲೇ ಎತ್ತಿಟ್ಟು, ಅವನ್ನು ರಚನೆ ತಿದ್ದಲು ಬಳಸದೆ, ಕೊನೆಗೆ ಅವುಗಳ ಮೇಲೆ ಒರೆ ಹಚ್ಚುವುದು. ಗೈಡ್ ಉರು ಹೊಡೆದು ಬಂದವನಿಗೆ ಪುಸ್ತಕದ ಹೊರಗಿನ ಪ್ರಶ್ನೆ ಕೇಳಿದ ಹಾಗೆ. ‘ಆರ್-ಫ್ರೀ’ ಎಂಬ ಈ ಸಂಖ್ಯೆ ಇಂದು ಹರಳು ರಚನೆಯ ಪ್ರತಿ ಪ್ರಬಂಧದಲ್ಲೂ ಇರಲೇಬೇಕು.

ಇನ್ನೊಂದು ಒರೆಗಲ್ಲು ನಮ್ಮ ನೆಲದ್ದು. 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಪ್ರೋಟೀನ್ ಸರದ ಪ್ರತಿ ಅಮೈನೊ ಆಮ್ಲದಲ್ಲೂ ತಿರುಗಬಹುದಾದ ಎರಡು ಬಂಧಗಳಿವೆ. ಅವುಗಳ ಕೋನಗಳಿಗೆ ಫೈ, ಸೈ ಎಂದು ಹೆಸರು. ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಈ ಕೋನಗಳು ಯಾವ ಯಾವ ಬೆಲೆ ಪಡೆಯಬಹುದು? ಉತ್ತರವನ್ನು ಒಂದು ಚೌಕದಲ್ಲಿ ಬರೆದರೆ ಬಹುಭಾಗ ನಿಷಿದ್ಧ, ಕೆಲವೇ ಪ್ರದೇಶಗಳಿಗೆ ಅನುಮತಿ. ಇದೇ ರಾಮಚಂದ್ರನ್ ನಕ್ಷೆ. ಬರ್ಕ್ಲಿಯಲ್ಲಿ ಕೂತ ವಿದ್ಯಾರ್ಥಿ ದಿನಕ್ಕೆ ಹಲವು ಸಲ ತೆರೆಯುವುದು ಇದನ್ನೇ. ಚೆನ್ನಾಗಿ ಬಿಡಿಸಿದ ರಚನೆಯಲ್ಲಿ ನೂರಕ್ಕೆ 98 ಅಮೈನೊ ಆಮ್ಲಗಳಾದರೂ ಒಪ್ಪಿತ ಪ್ರದೇಶದಲ್ಲಿ ಬೀಳಬೇಕು ಎಂಬುದು ಡ್ಯೂಕ್‌ನ ಜೇನ್ ಮತ್ತು ಡೇವಿಡ್ ರಿಚರ್ಡ್‌ಸನ್ ಗುಂಪು ಇಟ್ಟಿರುವ ಗುರಿ. ಇದೇ ಜೇನ್ ರಿಚರ್ಡ್‌ಸನ್ 1980ರ ದಶಕದ ಆರಂಭದಲ್ಲಿ ಪ್ರೋಟೀನುಗಳನ್ನು ರಿಬ್ಬನ್ನಿನಂತೆ ಬರೆಯುವ ಪದ್ಧತಿ ತಂದವರು. ಇವತ್ತು ಪಠ್ಯಪುಸ್ತಕಗಳಲ್ಲಿ ಕಾಣುವ ಸುರುಳಿ, ಬಾಣಗಳು ಅವರ ಕೊಡುಗೆ. ಅವರು ಎಂ.ಎ. ಮಾಡಿದ್ದು ತತ್ವಶಾಸ್ತ್ರದಲ್ಲಿ. ಪಿಎಚ್‌ಡಿ ಮಾಡಲೇ ಇಲ್ಲ. ‘ನನಗೆ ಈ ವಿಷಯದ ಹಿನ್ನೆಲೆ ಇಲ್ಲ’ ಎಂದು ಹಿಂಜರಿಯುವ ಮೇಷ್ಟ್ರುಗಳು ಇದನ್ನು ತಿಳಿದಿರಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರ ಮರೆಯದ ಒಂದು ಪ್ರಸಂಗವಿದೆ. 2006ರ ಕೊನೆಗೆ ಅಮೆರಿಕದ ಹೆಸರಾಂತ ಗುಂಪೊಂದು ಜೀವಕೋಶದ ಪೊರೆಯ ಪ್ರೋಟೀನುಗಳ ಬಗ್ಗೆ ತಾನು ಪ್ರಕಟಿಸಿದ್ದ ಪ್ರಬಂಧಗಳನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿತು. ಒಟ್ಟು ಐದು ಪ್ರಬಂಧಗಳು. ಕಾರಣ, ಪ್ರಯೋಗಾಲಯದಲ್ಲೇ ಬರೆದುಕೊಂಡಿದ್ದ ಪುಟ್ಟ ಪ್ರೋಗ್ರಾಂ ದತ್ತಾಂಶದ ಎರಡು ಕಾಲಂಗಳನ್ನು ಅದಲು ಬದಲು ಮಾಡಿತ್ತು. ಚಿಹ್ನೆ ತಿರುಗಿತು, ಎಡಗೈ ಬಲಗೈ ಆಯಿತು, ಇಡೀ ರಚನೆ ತಪ್ಪಿತು. ಜ್ಯೂರಿಕ್‌ನ ಗುಂಪೊಂದು ಅದೇ ಬಗೆಯ ಇನ್ನೊಂದು ಪ್ರೋಟೀನಿನ ರಚನೆ ಪ್ರಕಟಿಸಿ, ಎರಡೂ ತಾಳೆಯಾಗದಿದ್ದಾಗಲೇ ವಿಷಯ ಬಯಲಾದದ್ದು. ತಿದ್ದಿ ಹೇಳಿದವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಎಲ್ಲರೂ ತೆರೆದು ನೋಡಬಲ್ಲ ಕೋಡು, ಅದನ್ನು ಸಾಲು ಸಾಲಾಗಿ ಪರೀಕ್ಷಿಸುವ ಕಣ್ಣುಗಳು ಏಕೆ ಬೇಕು ಎಂಬುದು ಇದರಿಂದ ಅರ್ಥವಾಗುತ್ತದೆ. ಹತ್ತು ವಾರದಲ್ಲಿ ಬಿಎಸ್ಸಿ ವಿದ್ಯಾರ್ಥಿಯೊಬ್ಬಳು ಒಂದು ಪ್ರೋಗ್ರಾಂಗೆ ಸರಿಯಾದ ಪರೀಕ್ಷೆ ಬರೆದು ಒಂದು ದೋಷ ಹಿಡಿದರೆ ಅದು ಸಣ್ಣ ಕೆಲಸವಲ್ಲ.

ಈಗ ಆಲ್ಫಾಫೋಲ್ಡ್ ಬಂದಿದೆಯಲ್ಲ, ಇನ್ನೇಕೆ ಹರಳು ಎಂದು ಕೇಳುವವರಿದ್ದಾರೆ. ಅಮೈನೊ ಆಮ್ಲಗಳ ಪಟ್ಟಿ ಕೊಟ್ಟರೆ ಸಾಕು, ಮಡಚಿದ ಆಕಾರವನ್ನು ಊಹಿಸಿ ಕೊಡುವ ಕೃತಕ ಬುದ್ಧಿಮತ್ತೆ ಅದು. 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಗಳು ಎಲ್ಲರಿಗೂ ತೆರೆದಿವೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಆದರೆ ಆಲ್ಫಾಫೋಲ್ಡ್ ಕಲಿತದ್ದು ಎಲ್ಲಿಂದ? 1971ರಲ್ಲಿ ಏಳೇ ಏಳು ರಚನೆಗಳಿಂದ ಆರಂಭವಾಗಿ ಇಂದು ಎರಡು ಲಕ್ಷ ದಾಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಆ ಎರಡು ಲಕ್ಷವನ್ನು ಕಟ್ಟಿದವರು ಪ್ರಯೋಗ ಮಾಡಿದವರು. ಔಷಧದ ಅಣು ಪ್ರೋಟೀನಿನ ಯಾವ ಮೂಲೆಯಲ್ಲಿ ಹೇಗೆ ತಿರುಗಿ ಕೂರುತ್ತದೆ, ಯಾವ ನೀರಿನ ಅಣು ನಡುವೆ ನಿಂತು ಕೈ ಹಿಡಿದಿದೆ ಎಂಬುದನ್ನು ಖಚಿತವಾಗಿ ಹೇಳಲು ಇಂದಿಗೂ ಪ್ರಯೋಗವೇ ಬೇಕು. ಊಹೆಯಿಂದ ಆದ ದೊಡ್ಡ ಉಪಕಾರ ಫೇಸ್ ವಿಚಾರದಲ್ಲಿ: ಆಲ್ಫಾಫೋಲ್ಡ್ ಕೊಟ್ಟ ಮಾದರಿಯನ್ನೇ ಹರಳಿನೊಳಗೆ ಕೂರಿಸಿ ಆರಂಭಿಸಬಹುದು. ಹಿಂದೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಹಂತ ಎಷ್ಟೋ ಸಲ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಉಳಿಯುವುದು ನಕ್ಷೆಯನ್ನು ಸೂಕ್ಷ್ಮವಾಗಿ ಓದುವ ಕೆಲಸ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕಾಲ ಹಿಂದೆ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಅಮೆರಿಕದ ಯೋಜನೆ ಅಲ್ಲಿನ ಕಾಲೇಜುಗಳ, ಅಲ್ಲಿನ ನಾಗರಿಕರ ಮತ್ತು ಕಾಯಂ ನಿವಾಸಿಗಳ ಸಲುವಾಗಿ ಇರುವುದು. ಅಲ್ಲಿ ಪಾಠ ಮಾಡುತ್ತಿರುವ ಕನ್ನಡಿಗರಲ್ಲಿ ಅರ್ಹರಾದವರು ಬಳಸಿಕೊಳ್ಳಬಹುದು. ಇಲ್ಲಿರುವ ನಮಗೆ ಬೇರೆ ಬಾಗಿಲಿದೆ, ಅದೂ ಬೆಂಗಳೂರಿನಲ್ಲೇ. 1934ರಲ್ಲಿ ಸಿ.ವಿ. ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೊಶಿಪ್ ನಡೆಸುತ್ತಾ ಬಂದಿದೆ. ಎರಡು ತಿಂಗಳು, ದೇಶದ ಯಾವುದಾದರೂ ಸಂಸ್ಥೆಯ ವಿಜ್ಞಾನಿಯ ಬಳಿ ಕೆಲಸ. ವಿದ್ಯಾರ್ಥಿಗಳು ಅರ್ಜಿ ಹಾಕಬಹುದು ಎಂಬುದು ನಮ್ಮ ಕಾಲೇಜುಗಳಲ್ಲಿ ಕೆಲವರಿಗಾದರೂ ಗೊತ್ತು. ಅಧ್ಯಾಪಕರೂ ಹಾಕಬಹುದು ಎಂಬುದು ಸ್ಟಾಫ್ ರೂಮುಗಳಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಪ್ರೋಟೀನ್ ಹರಳಿನ ಮಟ್ಟಿಗೆ ಬೆಂಗಳೂರು ಸಾಮಾನ್ಯ ಊರಲ್ಲ. ರಾಮಚಂದ್ರನ್ ಮದರಾಸು ಬಿಟ್ಟು ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದು 1970ರ ದಶಕದ ಆರಂಭದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಹಾಜ್‌ಕಿನ್ ಜೊತೆ ಇನ್ಸುಲಿನ್ ರಚನೆ ಬಿಡಿಸಿದ ತಂಡದಲ್ಲಿದ್ದ ಎಂ. ವಿಜಯನ್ ಅಲ್ಲಿಂದ ಬಂದು ಸೇರಿದ್ದೂ ಇದೇ ಸಂಸ್ಥೆಯನ್ನು. ಅವರ ಗುಂಪು 1990ರ ದಶಕದಲ್ಲಿ ಬಿಡಿಸಿದ ಎರಡು ರಚನೆಗಳು ನಮ್ಮ ಅಡುಗೆಮನೆಯವೇ: ಒಂದು ಕಡಲೆಕಾಯಿಯ ಲೆಕ್ಟಿನ್, ಇನ್ನೊಂದು ಹಲಸಿನ ಬೀಜದ ಜಾಕಲಿನ್. ಲೆಕ್ಟಿನ್ ಎಂದರೆ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನ್. ಜಾಕಲಿನ್ನಿನ ಕಥೆ ಸೊಗಸಾಗಿದೆ. ಅದರ ಮೂರು ಹಾಳೆಗಳು ಸೇರಿ ಮೂರು ಮುಖದ ಪಟ್ಟಕದ ಆಕಾರ ಮಾಡಿವೆ. ಗಿಡ ಈ ಪ್ರೋಟೀನನ್ನು ಮೊದಲು ಒಂದೇ ಉದ್ದ ಸರವಾಗಿ ತಯಾರಿಸಿ ಆಮೇಲೆ ಕತ್ತರಿಸುತ್ತದೆ. ಕತ್ತರಿಸಿದ ಜಾಗದಲ್ಲಿ ಹೊಸದಾಗಿ ಹುಟ್ಟಿದ ತುದಿಯಲ್ಲಿ ಗ್ಲೈಸೀನ್ ಎಂಬ ಅಮೈನೊ ಆಮ್ಲ ಇದೆ. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿಯುವುದರಲ್ಲಿ ಆ ತುದಿಯದೇ ದೊಡ್ಡ ಪಾತ್ರ. ಕತ್ತರಿ ಬೀಳದಿದ್ದರೆ ಆ ಹಿಡಿತವಿಲ್ಲ. ಡೇಟಾ ಬ್ಯಾಂಕಿನಲ್ಲಿ ‘1ಜೆಎಸಿ’ ಎಂಬ ಗುರುತಿನಲ್ಲಿ ಇದರ ಒಂದೊಂದು ಪರಮಾಣುವಿನ ಸ್ಥಾನವೂ ಇದೆ. ಬಿಡಿಗಾಸು ಕೊಡದೆ ಇಳಿಸಿಕೊಳ್ಳಬಹುದು. ಮಲೆನಾಡಿನ ಯಾವುದೇ ಕಾಲೇಜಿನ ಹುಡುಗಿ ತನ್ನ ಹಿತ್ತಲಿನ ಹಲಸಿನ ಪ್ರೋಟೀನನ್ನು ಇವತ್ತು ಸಂಜೆಯೇ ಪರದೆಯ ಮೇಲೆ ತಿರುಗಿಸಿ ನೋಡಬಹುದು.

ಫೀನಿಕ್ಸ್ ಶಿಕ್ಷಣ ಸಂಸ್ಥೆಗಳಿಗೆ ಉಚಿತ, ಕೂಟ್ ಎಲ್ಲರಿಗೂ ಉಚಿತ, ಬ್ರಿಟನ್ನಿನ ಸಿಸಿಪಿ4 ಎಂಬ ಇಂಥದೇ ತಂತ್ರಾಂಶ ಕೂಡ ಶೈಕ್ಷಣಿಕ ಬಳಕೆಗೆ ಉಚಿತ. ಹರಳು ಬೆಳೆಸುವ ಕೋಣೆ, ಎಕ್ಸ್-ರೇ ಯಂತ್ರ ನಮ್ಮ ಪದವಿ ಕಾಲೇಜುಗಳಲ್ಲಿ ಇಲ್ಲ, ಸದ್ಯಕ್ಕೆ ಬರುವುದೂ ಇಲ್ಲ. ಆದರೆ ಲೆಕ್ಕದ ಕೆಲಸಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಬೇಸಿಗೆ ಫೆಲೊಶಿಪ್ಪಿಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಏನು ಮಾಡಬೇಕೆಂದಿದ್ದೀರಿ ಎಂಬ ಪುಟ್ಟ ಬರಹವನ್ನೂ ಕೇಳುತ್ತಾರೆ. ಅಲ್ಲಿ ‘ನನಗೆ ಪ್ರೋಟೀನ್ ಎಂದರೆ ಆಸಕ್ತಿ’ ಎಂದು ಬರೆದವರು ಬಹಳ ಮಂದಿ ಇರುತ್ತಾರೆ. ಹಳೆಯ ರಚನೆಯೊಂದನ್ನು ಇಳಿಸಿಕೊಂಡು, ರಾಮಚಂದ್ರನ್ ನಕ್ಷೆಯಲ್ಲಿ ಹೊರಗೆ ಬಿದ್ದ ಒಂದು ಅಮೈನೊ ಆಮ್ಲವನ್ನು ಗುರುತಿಸಿ, ಅದು ನಿಜಕ್ಕೂ ಹಾಗಿದೆಯೋ ಕಟ್ಟಿದವರ ತಪ್ಪೋ ಎಂದು ಕೇಳಿ ಬರೆದ ಅರ್ಜಿಯ ತೂಕವೇ ಬೇರೆ. ಅಂಥ ಅರ್ಜಿ ಬರೆಯಲು ವಿದ್ಯಾರ್ಥಿಗೆ ಜೊತೆಯಲ್ಲಿ ಕೂರುವ ಮೇಷ್ಟ್ರು ಬೇಕು, ಅಥವಾ ಮೇಡಂ.

ಆ ಮೇಷ್ಟ್ರು ಹೊರಡುವುದು ನಮ್ಮಲ್ಲಿ ಸುಲಭವಿಲ್ಲ. ಬೇಸಿಗೆ ಬಂದರೆ ಮೌಲ್ಯಮಾಪನ, ಅದು ಮುಗಿಯುವಷ್ಟರಲ್ಲಿ ಪ್ರವೇಶ ಪ್ರಕ್ರಿಯೆ. ಗೌರವಧನದ ಮೇಲೆ ದುಡಿಯುವ ಅತಿಥಿ ಉಪನ್ಯಾಸಕರು ಎರಡು ತಿಂಗಳು ಊರು ಬಿಟ್ಟರೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಅಳುಕು. ಕಾಲೇಜು ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಇದಕ್ಕೆ ಹಣವೂ ಬೇಡ, ಹೊಸ ಕಟ್ಟಡವೂ ಬೇಡ. ಫೆಲೊಶಿಪ್ ಸಿಕ್ಕ ಅಧ್ಯಾಪಕರ ಆ ಎರಡು ತಿಂಗಳನ್ನು ಓಓಡಿ (ಅನ್ಯಕಾರ್ಯ ನಿಮಿತ್ತ) ಎಂದು ಪರಿಗಣಿಸಿ, ಆ ವರ್ಷದ ಮೌಲ್ಯಮಾಪನದಿಂದ ವಿನಾಯಿತಿ ಕೊಡಬೇಕು. ಅತಿಥಿ ಉಪನ್ಯಾಸಕರ ಮುಂದಿನ ನೇಮಕದಲ್ಲಿ ಆ ಅವಧಿಗೆ ಅಂಕ ಕೊಡಬೇಕು. ಅಕಾಡೆಮಿಗಳು ಒಂದೇ ಕಾಲೇಜಿನ ಒಬ್ಬ ಅಧ್ಯಾಪಕರು, ಇಬ್ಬರು ವಿದ್ಯಾರ್ಥಿಗಳು ಜಂಟಿಯಾಗಿ ಅರ್ಜಿ ಹಾಕುವ ಒಂದು ವಿಭಾಗ ತೆರೆಯಬೇಕು. ಬರ್ಕ್ಲಿಗೆ ಹೋಗುವ ತಂಡದ ಆಕಾರವೇ ಅದು, ಮತ್ತು ಅದನ್ನು ಇಲ್ಲಿ ಮಾಡಲು ನಮಗೆ ಬೇಕಿರುವುದು ಒಂದು ಸುತ್ತೋಲೆ ಮಾತ್ರ.